ಎಣಿಕೆಯವರು ಮನೆಗೆ ಬಂದಾಗ

ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆ. ಹಗಲಿರುಳೂ ಮಗ್ಗದ ಸದ್ದು. ಅದು ನಿಂತರೇ ನಮಗೆ ಎಚ್ಚರ. 1904ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಮುಂದೆ ಮಗ್ಗಗಳು ಹೆಚ್ಚಿದಂತೆ ಕೆಲಸ ಅರಸಿ ಜನ ಬಂದರು. 1950ರ ಹೊತ್ತಿಗೆ ಬನಹಟ್ಟಿಯಿಂದ ಬಂದ ನನ್ನ ಅಜ್ಜನೂ ಅವರಲ್ಲೊಬ್ಬ.

ಆಗ ಎರಡೂ ಊರು ಒಂದೇ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಬನಹಟ್ಟಿ ಮೈಸೂರಿಗೆ ಸೇರಿತು, ಇಚಲಕರಂಜಿ ಮುಂಬಯಿಯಲ್ಲೇ ಉಳಿಯಿತು. ಅದೇ ದಿನ ನಿಮ್ಮ ಕಾಸರಗೋಡು ಕೇರಳದ ಪಾಲಾಯಿತು. ಅಜ್ಜ ಕೂತ ಮಗ್ಗದಿಂದ ಏಳಲಿಲ್ಲ. ಗಡಿಯೇ ಎದ್ದು ಅವನನ್ನು ದಾಟಿಹೋಯಿತು.

ನಾನು ಬ್ಯಾಂಕಿನ ಗುಮಾಸ್ತ. ಕೌಂಟರಿನ ಮುಂದೆ ಊರು ಬದಲಾಗುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಮೊದಲು "ತಮ್ಮಾ, ಇಷ್ಟು ಸ್ಲಿಪ್ ಬರದ ಕೊಡಪ್ಪಾ" ಎನ್ನುವವರು ಬಹಳ. ಈಗ ಬಿಹಾರ, ಉತ್ತರಪ್ರದೇಶದ ಹುಡುಗರ ಹಿಂದಿ ಹೆಚ್ಚು ಕೇಳುತ್ತದೆ. 2020ರ ಲಾಕ್‌ಡೌನಿನಲ್ಲಿ ಅವರು ಊರಿಗೆ ಹೊರಟಾಗ, ಅವರಿಲ್ಲದೆ ಮಗ್ಗ ಏಳುವುದಿಲ್ಲವೆಂಬುದು ಎಲ್ಲರಿಗೂ ತಿಳಿಯಿತು.

ಒಮ್ಮೆ ಸಾಲಿನಲ್ಲಿ ಅಂಥ ಒಬ್ಬ ಹುಡುಗ ಮುಂದೆ ನುಗ್ಗಿದ. ನಾನು, "ಈ ಹೊರಗಿನವರು ಬಂದು ಊರೇ ತುಂಬಿತು" ಎಂದು ಗೊಣಗಿದೆ. ಪೆನ್ಶನ್ನಿಗೆ ಬಂದಿದ್ದ ನಮ್ಮ ಓಣಿಯ ಅಜ್ಜಿ ಹೇಳಿದಳು: "ನಿಮ್ಮ ಅಜ್ಜ ಬಂದಾಗ ಇಲ್ಲಿನವರೂ ಹಿಂಗಽ ಅಂದಿದ್ದರಪ್ಪಾ. ಹೊಟ್ಟಿ ಯಾವ ರಾಜ್ಯದ್ದು?" ನನ್ನ ಬಾಯಿ ಕಟ್ಟಿತು.

ಲೆಕ್ಕದ ಮನುಷ್ಯನಾದ್ದರಿಂದ ಮನೆಯ ಲೆಕ್ಕವನ್ನೂ ಹಾಕಿದೆ. ಅಜ್ಜನಿಗೆ ಆರು ಮಕ್ಕಳು, ಅಪ್ಪನಿಗೆ ಮೂವರು, ನನಗೆ ಒಬ್ಬಳೇ ಮಗಳು. ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು ಕರ್ನಾಟಕದಲ್ಲಿ 1.7, ಮಹಾರಾಷ್ಟ್ರದಲ್ಲಿ 1.7, ಕೇರಳದಲ್ಲಿ 1.8. ಜನಸಂಖ್ಯೆ ಕುಗ್ಗದಿರಲು ಸುಮಾರು 2.1 ಬೇಕು. ಹಾಗಾಗಿ ದುಡಿಯುವ ಕೈಗಳು ಬೇರೆಡೆಯಿಂದ ಬರಲೇಬೇಕು. ದೊಡ್ಡ ಭಾಷೆಗೆ ಇದು ತಡೆದೀತು. ಮೊದಲೇ ಸಣ್ಣದಾದ ನಮ್ಮಂಥ ಗುಂಪಿಗೆ ಒಂದು ಮಗು ಬೇರೆ ಮಾತಿಗೆ ಹೊರಳಿದರೂ ಅದು ದೊಡ್ಡ ನಷ್ಟವೇ.

ನನ್ನ ಮನೆಯಲ್ಲೇ ಅದು ಆಗಿದೆ. ಶಾಲೆಯಲ್ಲಿ ಮಗಳು ಹಿಂದೆ ಬೀಳಬಾರದೆಂದು ನಾನೇ ಹೆಂಡತಿಗೆ, "ಕೂಸಿನ ಜೋಡಿ ಮರಾಠಿಯಾಗ ಮಾತಾಡು" ಎಂದಿದ್ದೆ. ನನ್ನ ತಾಯಿಗೆ ಅದು ಸರಿಬರಲಿಲ್ಲ, ಆದರೂ ಸುಮ್ಮನಿದ್ದಳು.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ತಲೆ ಎಣಿಕೆ 2027ಕ್ಕೆ ನಿಗದಿಯಾಗಿದೆ. ಮೊನ್ನೆ ಊಟಕ್ಕೆ ಕೂತಾಗ ಮಗಳು ಕೇಳಿದಳು: "ಪಪ್ಪಾ, ನನ್ನ ಮಾತೃಭಾಷಾ ಏನಂತ ಬರಸೋದು?" ಗಣತಿಯ ನಿಯಮದಲ್ಲಿ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ನಿಯಮದಂತೆ ಹೇಳಿದರೆ ಉತ್ತರ ಮರಾಠಿ. ಆ ಉತ್ತರವನ್ನು ಬರೆಸಿದವನು ನಾನೇ. ಹೆಂಡತಿ ನನ್ನ ಮುಖ ನೋಡಿದಳು.

ಆಗ ಮೂಲೆಯಲ್ಲಿ ಕೂತಿದ್ದ ನನ್ನ ತಾಯಿ, "ನಿಮ್ಮವ್ವ ಮರಾಠಿ ಆಡಿರಬೇಕು. ತೊಟ್ಟಿಲಾ ತೂಗಿದಾಕಿ ನಾನು. ಆವಾಗ ಹಾಡಿದ್ದು ಯಾವ ಭಾಷಾ?" ಎಂದಳು.

ಮಗಳು ನಕ್ಕಳು. ಏನು ಬರೆಸುವಳೋ ಅವಳಿಗೇ ಬಿಟ್ಟಿದ್ದೇನೆ. ಆದರೆ ಆ ರಾತ್ರಿ ಅವಳು ಹಳೆಯ ಪಾಟಿಯೊಂದನ್ನು ಹುಡುಕಿ ತಂದು ಅಜ್ಜಿಯ ಮುಂದೆ ಕೂತಳು. ಹದಿನೆಂಟರ ಹುಡುಗಿ 'ಅ' ತಿದ್ದುತ್ತಿದ್ದಳು. ಹೊರಗೆ ಮಗ್ಗಗಳು ನಡೆಯುತ್ತಿದ್ದವು.