ಕ್ಯಾಂಪಿನಿಂದ ಕಡಲಿಗೆ

ಹೊಸಪೇಟೆಯಿಂದ ಸಮುದ್ರಕ್ಕೆ ಎರಡು ದಾರಿ. ಊರ ಮಗ್ಗುಲಲ್ಲೇ ಹಾಯುವ ರಾಷ್ಟ್ರೀಯ ಹೆದ್ದಾರಿ 67 ಹಿಡಿದು ಪೂರ್ವಕ್ಕೆ ಹೊರಟರೆ ಬಳ್ಳಾರಿ, ಗುಂತಕಲ್ಲು, ಗುತ್ತಿ, ತಾಡಪತ್ರಿ ದಾಟಿ ನೆಲ್ಲೂರಿನ ಆಚೆ ಕೃಷ್ಣಪಟ್ಟಣಂ ಬಂದರು. ಪಶ್ಚಿಮಕ್ಕೆ ಹೊರಟರೆ ಕೊಪ್ಪಳ, ಗದಗ, ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರದ ಕಾಡು, ಅರಬೈಲು ಘಟ್ಟ, ಅಂಕೋಲಾ. ಸಂಡೂರು ಗುಡ್ಡದ ಅದಿರು ಈ ಎರಡೂ ದಿಕ್ಕಿಗೆ ಹೋಗಿ ಹಡಗು ಹತ್ತಿದೆ. ನಮ್ಮ ತುಂಗಭದ್ರೆ ಮಾತ್ರ ಅರಬ್ಬಿ ಸಮುದ್ರಕ್ಕೆ ಹತ್ತಿರದ ಪಶ್ಚಿಮ ಘಟ್ಟದಲ್ಲಿ ಹುಟ್ಟಿಯೂ ಅದಕ್ಕೆ ಬೆನ್ನು ಹಾಕಿ ಹರಿದು, ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿ ಸೇರುತ್ತಾಳೆ.

ನಮ್ಮ ಮನೆಯ ಮಾತಿಗೂ ಎರಡು ದಿಕ್ಕು. ಹೆಂಡತಿಯ ತವರು ಕಂಪ್ಲಿ ಹತ್ತಿರದ ಒಂದು ಕ್ಯಾಂಪು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಕಾಲುವೆಗೆ ನೀರು ಬಿಟ್ಟ ಮೇಲೆ ಗೋದಾವರಿ, ಕೃಷ್ಣಾ ಜಿಲ್ಲೆಗಳ ರೈತರು ಅಲ್ಲಿಯ ತುಂಡು ಭೂಮಿ ಮಾರಿ ಬಂದು ಕಂಪ್ಲಿ, ಗಂಗಾವತಿ, ಸಿರುಗುಪ್ಪ, ಸಿಂಧನೂರು ಸೀಮೆಯಲ್ಲಿ ಹೊಲ ಕೊಂಡು ಗದ್ದೆ ಮಾಡಿದರು. ಅವರು ಗುಡಿಸಲು ಹಾಕಿಕೊಂಡ ಜಾಗಗಳೇ ಇವತ್ತಿನ ಕ್ಯಾಂಪುಗಳು. ಅತ್ತೆಯ ಅಪ್ಪ ಹಾಗೆ ಬಂದವರು. ಅತ್ತೆ ಹುಟ್ಟಿದ್ದು ಕ್ಯಾಂಪಿನಲ್ಲೇ, ಏಳನೆಯ ಕ್ಲಾಸಿನವರೆಗೆ ಓದಿದ್ದು ಅಲ್ಲಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ. ಮಾತಾಡುವುದು ತೆಲುಗು, ಓದಲು ಬರೆಯಲು ಬರುವುದು ಕನ್ನಡ ಒಂದೇ. ತೆಲುಗು ಪತ್ರಿಕೆ ಕೈಗೆ ಕೊಟ್ಟರೆ ಚಿತ್ರ ನೋಡಿ ವಾಪಸು ಕೊಡುತ್ತಾರೆ. ನಮ್ಮ ಕಡೆ ಇಂಥವರು ಓಣಿಗೊಬ್ಬರು ಸಿಗುತ್ತಾರೆ. ಹೊಸಪೇಟೆ ಮಾರ್ಕೆಟ್ಟಿನಲ್ಲಿ ಟೊಮೆಟೊ ರೇಟು ತೆಲುಗಿನಲ್ಲಿ ಕೇಳಿ, ಕನ್ನಡದಲ್ಲಿ ಚೌಕಾಸಿ ಮಾಡಿ, ಉರ್ದುವಿನಲ್ಲಿ ಲೆಕ್ಕ ಮುಗಿಸುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ತಿರುಗಿ ನೋಡುವವರು ದೂರದ ಊರಿನವರು. ಮದುವೆಯ ಊಟದ ಪಂಕ್ತಿಯಲ್ಲಿ ಅತ್ತೆ ಮಗಳೊಂದಿಗೆ ತೆಲುಗು ಆಡಿದ್ದು ಕೇಳಿ, “ಓ, ನೀವು ಕನ್ನಡದವರಲ್ವಾ?” ಎಂದು ಕೇಳಿದವರಿದ್ದಾರೆ. ಅತ್ತೆ ಆಗ ಉತ್ತರ ಕೊಡದೆ ಎಲೆ ನೋಡುತ್ತಾ ಕೂತರು. ನನಗೆ ಆ ಪ್ರಶ್ನೆ ಇವತ್ತಿಗೂ ನೋವು ಕೊಡುತ್ತದೆ.

ಸಮುದ್ರದ ಬಗ್ಗೆ ಅಪ್ಪನ ಬಾಯಿಂದ ಕೇಳಿದ್ದೇ ಹೊರತು ಅತ್ತೆ ಕಂಡಿರಲಿಲ್ಲ. ಗದ್ದೆಯ ಕೆಲಸಕ್ಕೆ ಬಿಡುವಿದ್ದ ದಸರಾ ರಜೆಯಲ್ಲಿ ಅವರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟೆವು. ಗಾಡಿ ಓಡಿಸಲು ಬಂದವರು ಸಂಡೂರು ತಾಂಡಾದ ಒಬ್ಬ ಹಳೆಯ ಲಾರಿ ಡ್ರೈವರ್. ಮನೆಯಲ್ಲಿ ಲಂಬಾಣಿ, ನಮ್ಮೊಂದಿಗೆ ಕನ್ನಡ, ಅತ್ತೆಯೊಂದಿಗೆ ತೆಲುಗು, ಫೋನಿನಲ್ಲಿ ಹಿಂದಿ. ಅತ್ತೆ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಬೋರ್ಡು ಓದುತ್ತಾ ಬಂದರು: ಮುನಿರಾಬಾದ್, ಕೊಪ್ಪಳ, ಗದಗ, ಅಣ್ಣಿಗೇರಿ, ಹುಬ್ಬಳ್ಳಿ, ಕಲಘಟಗಿ. ಓದಿದ್ದು ಕನ್ನಡದಲ್ಲಿ, ಅದರ ಮೇಲಿನ ಮಾತು ತೆಲುಗಿನಲ್ಲಿ. ಇಂಗ್ಲಿಷ್ ಶಾಲೆಯ ಮಗಳು ಅಮ್ಮಮ್ಮನ ಜೊತೆ ಪೈಪೋಟಿಗೆ ಬಿದ್ದು, ಒತ್ತಕ್ಷರ ಬಂದಲ್ಲೆಲ್ಲ ಹಿಂದೆ ಬೀಳುತ್ತಿದ್ದಳು.

ಆ ಬೋರ್ಡುಗಳ ನಡುವೆ ಎಷ್ಟು ಗಡಿಗಳು ಅಳಿಸಿಹೋಗಿವೆ ಎಂಬುದನ್ನು ಮಕ್ಕಳಿಗೆ ಹೇಳಬೇಕೆನಿಸಿತು. ಹೊಸಪೇಟೆ, ಕಂಪ್ಲಿ 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ; ಅದು ಬಳ್ಳಾರಿ ಜಿಲ್ಲೆಗೆ ಸೇರಿದ್ದು 1949ರಲ್ಲಿ. ನದಿ ದಾಟಿದರೆ ಕೊಪ್ಪಳ, ಅಲ್ಲಿ ನಿಜಾಮರ ಆಡಳಿತ. ಗದಗ, ಹುಬ್ಬಳ್ಳಿ, ಅಂಕೋಲಾ ಮುಂಬಯಿಗೆ ಸೇರಿದ್ದವು. ಒಂದು ಹಗಲಿನ ಪ್ರಯಾಣದಲ್ಲಿ ಇಷ್ಟು ಸರ್ಕಾರಗಳು. ಇವೆಲ್ಲ ಒಂದಾದದ್ದು 1956ರ ನವೆಂಬರ್ 1ರಂದು. ನಮ್ಮ ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ಮಾತ್ರ 1953ರಲ್ಲೇ ಆಂಧ್ರಕ್ಕೆ ಹೋದವು. ಅಲ್ಲಿ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಕಲಿತವರಿದ್ದಾರೆ. ಅತ್ತೆಯ ಕಥೆ ಅಲ್ಲಿ ತಿರುವುಮುರುವಾಗಿ ನಡೆದಿದೆ.

ಅರಬೈಲು ಇಳಿದು ಅಂಕೋಲಾ ಮುಟ್ಟಿದಾಗ ಡ್ರೈವರ್ ತಾವಾಗಿಯೇ ಗಾಡಿಯನ್ನು ಬಲಕ್ಕೆ, ಬೇಲೇಕೇರಿ ಬಂದರಿನ ಕಡೆ ಹೊರಳಿಸಿದರು. ಅದಿರಿನ ಭರಾಟೆಯ ವರ್ಷಗಳಲ್ಲಿ ಅವರು ಸಂಡೂರಿನಿಂದ ಲೋಡು ತಂದು ಸುರಿದದ್ದು ಇಲ್ಲೇ. “ಇಲ್ಲೇ ನೋಡ್ರಿ, ಹಗಲೂ ರಾತ್ರಿ ಲೈನಿನಾಗ ನಿಂತಿರತಿದ್ವಿ. ಗಾಡಿ, ರಸ್ತೆ, ಮೈ, ಎಲ್ಲಾ ಕೆಂಪ” ಎಂದರು. 2010ರಲ್ಲಿ ಅರಣ್ಯ ಇಲಾಖೆ ಇಲ್ಲಿ ಜಪ್ತಿ ಮಾಡಿಟ್ಟ ಸುಮಾರು 8 ಲಕ್ಷ ಟನ್ ಅದಿರಿನಲ್ಲಿ ದೊಡ್ಡ ಪಾಲು ಕಣ್ಣೆದುರೇ ಸಾಗಿಹೋಯಿತು. ಮರುವರ್ಷ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಲಾರಿಗಳು ನಿಂತವು. ನಮ್ಮ ಗುಡ್ಡಗಳನ್ನು ಬೋಳಿಸಿದ ಆ ಕಾಲದ ಬಗ್ಗೆ ನನಗೆ ಯಾವ ಮಮತೆಯೂ ಇಲ್ಲ. ಆದರೆ ಲಾರಿ ಓಡಿಸಿದವರು ಬರೀ ಲೋಡು ಹೊತ್ತು ಬಂದವರಲ್ಲ. ಈ ಡ್ರೈವರ್ ಕ್ಯೂನಲ್ಲಿ ನಿಂತ ರಾತ್ರಿಗಳಲ್ಲಿ ಕೊಂಕಣಿಯಲ್ಲಿ ಚಹಾ ಕೇಳುವುದು, ಮೀನಿನ ಹೆಸರು ಹೇಳುವುದು ಕಲಿತಿದ್ದಾರೆ. ಇಷ್ಟು ವರ್ಷದ ಮೇಲೂ ಮರೆತಿರಲಿಲ್ಲ.

ಅಂಕೋಲಾದಿಂದ ದಕ್ಷಿಣಕ್ಕೆ ಹೆದ್ದಾರಿ 66. ಶಿರೂರಿನಲ್ಲಿ ಗುಡ್ಡ ಕುಸಿದ ಜಾಗದಲ್ಲಿ ಯಾರೂ ಮಾತಾಡಲಿಲ್ಲ. 2024ರ ಜುಲೈ 16ರಂದು ಆ ಮಣ್ಣು ರಸ್ತೆಯ ಮೇಲಿದ್ದವರನ್ನೂ ಗಾಡಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಅದೇ ಮಳೆಗಾಲದ ಆಗಸ್ಟ್‌ನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಬಿತ್ತು. ಕೆಲವೇ ದಿನಗಳಲ್ಲಿ, 10ರ ರಾತ್ರಿ, ನಮ್ಮ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಕಂಪ್ಲಿಯ ರೈತರು ಆ ವಾರ ನಿದ್ದೆ ಮಾಡಿರಲಿಲ್ಲ. ಘಟ್ಟದ ಎರಡೂ ಮಗ್ಗುಲಿನ ಜನ ಒಂದೇ ಮಳೆಯನ್ನು ನಂಬಿ, ಒಂದೇ ಮಳೆಗೆ ಹೆದರಿ ಬದುಕುತ್ತಾರೆ ಎಂಬುದು ನನಗೆ ಮನದಟ್ಟಾದದ್ದು ಆ ಜಾಗದಲ್ಲಿ.

ಈ ಪ್ರವಾಸದಲ್ಲಿ ಅತ್ತೆಯನ್ನು ಹಿಡಿದು ನಿಲ್ಲಿಸಿದ್ದು ಸಮುದ್ರ ಅಲ್ಲ, ಭತ್ತ. ಕುಮಟಾ ಹತ್ತಿರ ಅಘನಾಶಿನಿ ನದಿ ಕಡಲು ಸೇರುವ ಕಡೆ ಗಜನಿ ಭೂಮಿ ಇದೆ. ಉಬ್ಬರದಲ್ಲಿ ಉಪ್ಪುನೀರು ಒಳನುಗ್ಗುವ ತಗ್ಗು ನೆಲ. ಅಲ್ಲಿ ಕಗ್ಗ ಎನ್ನುವ ಭತ್ತ ಬೆಳೆಯುತ್ತಾರೆ. ಮಾಣಿಕಟ್ಟದ ಕಡೆ ರಸ್ತೆ ಬದಿ ಗಾಡಿ ನಿಲ್ಲಿಸಿದಾಗ ಕೊಯ್ಲು ಅರ್ಧ ಮುಗಿದಿತ್ತು. ಅತ್ತೆ ಚಪ್ಪಲಿ ಬಿಟ್ಟು ಬದುವಿಗೆ ಇಳಿದರು. ಒಂದು ತೆನೆ ಎಳೆದು, ಕಾಳನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಉಳಿದ ಅಕ್ಕಿಯನ್ನು ಹಲ್ಲಿನಲ್ಲಿ ಕಡಿದು ನೋಡಿದರು. ಒಳಗೆ ಕೆಂಪು. ಕಾಳಿನ ತುದಿಗೆ ಉದ್ದನೆಯ ಮೀಸೆ. ಆಮೇಲೆ ಗದ್ದೆಯ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು.

“ಇದು ಹೆಂಗಮ್ಮ ಬದುಕ್ತು? ನಮ್ ಕಡೆ ಸವಳು ಬಿದ್ರೆ ಪೈರು ಸುಟ್ಟಂಗ ಆಗತೈತಿ” ಎಂದು ಕೊಯ್ಯುತ್ತಿದ್ದ ಹೆಂಗಸನ್ನು ಕೇಳಿದರು.

“ಉಪ್ಪುನೀರ ಬಂದ್ರೂ ತಡ್ಕಂತದೆ ಅಮ್ಮ. ಗೊಬ್ಬರ ಹಾಕುದಿಲ್ಲ, ಎಂತದೂ ಹಾಕುದಿಲ್ಲ” ಎಂದಳು ಆಕೆ.

ಆಮೇಲೆ ನಡೆದ ಮಾತಿನಲ್ಲಿ ನನಗೆ, ನನ್ನ ಹೆಂಡತಿಗೆ ಕೆಲಸವಿರಲಿಲ್ಲ. ಒಬ್ಬರದು ತೆಲುಗು ಬೆರೆತ ಕ್ಯಾಂಪಿನ ಕನ್ನಡ, ಇನ್ನೊಬ್ಬರದು ಕುಮಟಾ ಕರಾವಳಿಯ ಕನ್ನಡ. ಬೀಜ ಮೊಳಕೆ ಕಟ್ಟುವುದು, ಕಟ್ಟೆ ಒಡೆದರೆ ಆಗುವ ಹಾನಿ, ಹಕ್ಕಿ ಕಾಟ, ಕೊಯ್ಲಾದ ಮೇಲೆ ಅದೇ ನೀರಿನಲ್ಲಿ ಹಿಡಿಯುವ ಸಿಗಡಿ, ಕೂಲಿ ಹೆಣ್ಣಾಳು ಸಿಗದ ಕಷ್ಟ, ಎಲ್ಲವೂ ಬಂದವು. ಕಾಲುವೆ ನೀರು ಹೆಚ್ಚಾಗಿ ನಮ್ಮ ಕಡೆ ಎಷ್ಟೋ ಗದ್ದೆ ಸವಳಾಗಿವೆ. ಅತ್ತೆಯ ಅಣ್ಣನ ಹೊಲದ ಕೊನೆಯ ತುಂಡು ಹಾಗೇ ಬಿಳಿಚಿ ಬಿದ್ದಿದೆ. ಆ ಸಂಕಟವನ್ನು ಅವರು ಹೊರಗಿನವರೊಂದಿಗೆ ಹೇಳಿಕೊಂಡದ್ದನ್ನು ನಾನು ಕೇಳಿದ್ದು ಅಂದೇ. ಹೊರಡುವಾಗ ಆಕೆ ಒಂದು ಹಿಡಿ ತೆನೆ ಕಿತ್ತು ಅತ್ತೆಯ ಸೆರಗಿಗೆ ಹಾಕಿದಳು. ಇವರು ಯಾವ ಭಾಷೆಯವರು ಎಂಬ ಪ್ರಶ್ನೆ ಆಕೆಯ ಬಾಯಿಂದ ಬರಲೇ ಇಲ್ಲ.

ಊಟಕ್ಕೆ ಹೋಟೆಲಿಗೆ ಹೋದಾಗ ಮಗಳು “ಭಯ್ಯಾ” ಎಂದು ಹಿಂದಿಯಲ್ಲಿ ಶುರು ಮಾಡಿದಳು. ಬಡಿಸುವ ಹುಡುಗ “ಎಂತ ಬೇಕು, ಹೇಳಿ” ಎಂದ. ನನ್ನ ಆತಂಕ ಇರುವುದು ಈ ‘ಭಯ್ಯಾ’ದಲ್ಲಿ. ಹಿಂದಿ ಬರುವುದು ತಪ್ಪಲ್ಲ. ಹಂಪಿಯಲ್ಲಿ ಗೈಡುಗಳಾಗಿ, ಹರಿಗೋಲು ಹಾಕುವವರಾಗಿ ಹೊಟ್ಟೆ ಹೊರೆಯುವವರಿಗೆ ಅದು ಬೇಕೇ ಬೇಕು. ಆದರೆ ನಮ್ಮ ಮಕ್ಕಳು ಗುರುತಿಲ್ಲದವರನ್ನು ಕಂಡೊಡನೆ ಕನ್ನಡವನ್ನು ಪಕ್ಕಕ್ಕಿಡುತ್ತಿದ್ದಾರೆ. ತೆಲುಗಿನಿಂದ ಕನ್ನಡ ಕೆಡುತ್ತದೆ ಎಂದು ಗಡಿಯಲ್ಲಿ ಹುಯಿಲೆಬ್ಬಿಸುವವರು ಇದನ್ನು ಗಮನಿಸಿಲ್ಲ. ತೆಲುಗು ಮನೆಯ ಅತ್ತೆ ಅಪರಿಚಿತಳೊಂದಿಗೆ ಗದ್ದೆಯಲ್ಲಿ ನಿಂತು ಕನ್ನಡ ಆಡಿದರು. ಕನ್ನಡದ ಮನೆತನದ ನನ್ನ ಮಗಳು ಆಡಲಿಲ್ಲ.

ಹೊನ್ನಾವರದ ಶರಾವತಿ ಸೇತುವೆ, ಮುರುಡೇಶ್ವರದ ಶಿವ, ಇವುಗಳ ಬಗ್ಗೆ ಬರೆದವರು ಬಹಳ ಮಂದಿ. ನಾನು ಭಟ್ಕಳದಲ್ಲಿ ನಿಲ್ಲುತ್ತೇನೆ. ವಿಜಯನಗರದ ಸೈನ್ಯಕ್ಕೆ ಕಡಲಾಚೆಯ ಕುದುರೆ ಇಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಭಟ್ಕಳಕ್ಕೆ ಬರುವ ಹೇರೆತ್ತುಗಳ ಬಗ್ಗೆ ಬರೆದಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆಗಳನ್ನು ಹಿಡಿದು ನಿಂತ ಪರದೇಶಿಗಳನ್ನು ಮಕ್ಕಳು ನೋಡಿದ್ದರು. ಅವರು ಇಳಿದ ದಡ ಇಂಥದ್ದು ಎಂದಾಗ ಮಗ ಗಾಡಿಯಿಂದ ಇಳಿದು ಸುತ್ತ ನೋಡಿದ. ರಾಯನ ಆಸ್ಥಾನವೂ ಒಂದೇ ಮಾತಿನದಾಗಿರಲಿಲ್ಲ. ‘ಆಮುಕ್ತಮಾಲ್ಯದ’ವನ್ನು ಆತ ತೆಲುಗಿನಲ್ಲಿ ಬರೆದ, ಕುಮಾರವ್ಯಾಸ ಬಿಟ್ಟ ಭಾರತವನ್ನು ತಿಮ್ಮಣ್ಣ ಕವಿ ಅದೇ ರಾಯನ ಕಾಲದಲ್ಲಿ ಕನ್ನಡದಲ್ಲಿ ಮುಗಿಸಿದ.

ಭಟ್ಕಳ ಪೇಟೆಯಲ್ಲಿ ಅತ್ತೆ ಮಲ್ಲಿಗೆ ಕೊಂಡರು. ಹೂವಿನಾಕೆ ಪಕ್ಕದ ಅಂಗಡಿಯವನಿಗೆ ಕೊಂಕಣಿಯಲ್ಲಿ ಚಿಲ್ಲರೆ ಕೇಳಿ, ಬುರ್ಖಾ ತೊಟ್ಟ ಗಿರಾಕಿಗೆ ನವಾಯತಿಯಲ್ಲಿ ಬೆಲೆ ಹೇಳಿ, ನಮ್ಮ ಕಡೆ ತಿರುಗಿ ಕನ್ನಡ ಆಡಿದಳು. ಅತ್ತೆ ನನ್ನ ಕಡೆ ನೋಡಿ, “ಚೂಡು ಬಾಬೂ, ಮನ ಹೊಸಪೇಟ ಲಾಗೇ ಉಂದಿ” ಎಂದು ನಕ್ಕರು. ನಮ್ಮ ಹೊಸಪೇಟೆಯ ಹಾಗೇ ಇದೆಯಲ್ಲ ಎಂದು.

ಭಟ್ಕಳ ದಾಟಿದರೆ ಬೈಂದೂರು ಸೀಮೆ. ಹಳೆಯ ಮುಂಬಯಿ ಮುಗಿದು ಹಳೆಯ ಮದರಾಸು ಮತ್ತೆ ಶುರುವಾಗುವ ಜಾಗ. ಈಗ ಅಲ್ಲಿ ಜಿಲ್ಲೆಯ ಬೋರ್ಡು ಮಾತ್ರ ಬದಲಾಗುತ್ತದೆ. ಮರವಂತೆಯಲ್ಲಿ ಎಡಕ್ಕೆ ಸೌಪರ್ಣಿಕಾ, ಬಲಕ್ಕೆ ಸಮುದ್ರ, ನಡುವೆ ರಸ್ತೆ. ಅಲ್ಲಿ ಗಾಡಿ ನಿಲ್ಲಿಸಿ ಮನೆಯಿಂದ ತಂದ ಪುಳಿಹೋರ, ಗೊಂಗೂರ, ಮೊಸರನ್ನ ಬಿಚ್ಚಿದೆವು. ಇನ್ನೂ ದಕ್ಷಿಣಕ್ಕೆ ಹೋದರೆ ಕುಂದಗನ್ನಡ ಹಿಂದುಳಿದು ತುಳು ಬರುತ್ತದೆ, ಅದರಾಚೆ ಕಾಸರಗೋಡು. ಅಲ್ಲಿಯ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರನ್ನು ರಾಷ್ಟ್ರಕವಿ ಎಂದು 1949ರಲ್ಲಿ ಗೌರವಿಸಿದ್ದು ಮದರಾಸು ಸರ್ಕಾರ, ಅಂದರೆ ಆಗ ಹೊಸಪೇಟೆಯನ್ನೂ ಆಳುತ್ತಿದ್ದ ಸರ್ಕಾರ. ಬೇಂದ್ರೆಯವರ ಮನೆಯಲ್ಲಿ ಮರಾಠಿ, ಮಾಸ್ತಿಯವರ ಮನೆಯಲ್ಲಿ ತಮಿಳು. ಇವರನ್ನು ಯಾರೂ ಊಟದ ಪಂಕ್ತಿಯಲ್ಲಿ “ನೀವು ಕನ್ನಡದವರಲ್ವಾ?” ಎಂದು ಕೇಳುವುದಿಲ್ಲ. ಕ್ಯಾಂಪಿನ ರೈತ ಹೆಂಗಸನ್ನು ಯಾಕೆ ಕೇಳಬೇಕು?

ಅತ್ತೆಗೆ ಕನ್ನಡ ಕೊಟ್ಟದ್ದು ಕ್ಯಾಂಪಿನ ಸರ್ಕಾರಿ ಶಾಲೆ. ಅಲ್ಲಿ ಕಲಿತ ಅಕ್ಷರದ ಬಲದಿಂದ ಅವರು ಮುನಿರಾಬಾದಿನಿಂದ ಮರವಂತೆಯವರೆಗೆ ಯಾರನ್ನೂ ಕೇಳದೆ ದಾರಿ ಓದಿಕೊಂಡು ಬಂದರು. ಕ್ಯಾಂಪುಗಳ ಓಣಿಗೆ ಈಗ ಬೆಳಗಾದರೆ ಇಂಗ್ಲಿಷ್ ಶಾಲೆಗಳ ಹಳದಿ ವ್ಯಾನು ಬರುತ್ತದೆ, ಕನ್ನಡ ಶಾಲೆಯ ಬೆಂಚು ಖಾಲಿಯಾಗುತ್ತಿದೆ. ಗಡಿನಾಡಿನ ಕನ್ನಡ ಉಳಿಯಬೇಕೆನ್ನುವವರು ಮೊದಲು ಆ ಬೆಂಚನ್ನು ನೋಡಬೇಕು. ಕ್ಯಾಂಪಿನ, ತಾಂಡಾದ, ಓಣಿಯ ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ: ಮನೆಯಲ್ಲಿ ನಿಮ್ಮ ಮಾತನ್ನು ಬಿಡಬೇಡಿ, ಮಕ್ಕಳಿಗೆ ಕನ್ನಡದ ಅಕ್ಷರ ತಪ್ಪಿಸಬೇಡಿ. ಮುಂದಿನ ರಜೆಯಲ್ಲಿ ಎಲ್ಲಿಗೇ ಹೋದರೂ ಬೋರ್ಡು ಓದುವ, ದಾರಿ ಕೇಳುವ, ಊಟ ಹೇಳುವ ಕೆಲಸವನ್ನು ಅವರಿಗೇ ಬಿಟ್ಟುಕೊಡಿ.