ಬೋಣಿ ಆದ ಮೇಲೆ ಬನ್ನಿ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಿಗ್ಮಿ ಕಲೆಕ್ಷನ್ ಮಾಡುವವನಿಗೆ ಎಲ್ಲಕ್ಕಿಂತ ಮೊದಲು ಹೊತ್ತು ಗೊತ್ತಿರಬೇಕಿತ್ತು. ಬೋಣಿ ಆಗುವ ಮುಂಚೆ ದುಡ್ಡು ಕೇಳುವಂತಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಹಳೇ ಅಂಗಡಿಯವರು ಗಲ್ಲಾದಿಂದ ಹೊರಗೆ ಕಾಸು ಕೊಡರು. ಅದರ ನಡುವೆ ಒಬ್ಬೊಬ್ಬರ ಬಿಡುವು ನೋಡಿಕೊಂಡು, ದಿನಾ ಅದೇ ಗಳಿಗೆಗೆ ಅದೇ ಕಟ್ಟೆಯ ಮುಂದೆ ನಿಲ್ಲಬೇಕು. 1980ರ ದಶಕದ ಕೊನೆಯಲ್ಲಿ ಒಂದು ಪತ್ತಿನ ಸಹಕಾರ ಸಂಘದ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ನಾನು ಈ ಬೀದಿಗೆ ಇಳಿದೆ.

ಈ ಕಸುಬು ಹುಟ್ಟಿದ್ದು ಉಡುಪಿಯಲ್ಲಿ. ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರು 1925ರಲ್ಲಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತೆರೆಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದವರ ಉಳಿತಾಯ ಶುರುವಾದದ್ದು ಹಾಗೆ.

ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದದ್ದು ಒಂದೇ: "ದುಡ್ಡು ಕೇಳೋಕೆ ಮುಂಚೆ, ಮಧ್ಯೆ ಮುರಿದರೆ ಎಷ್ಟು ಕಳೀತಾರೆ ಅಂತ ಹೇಳು." ಅವಧಿಗೆ ಮೊದಲೇ ಖಾತೆ ಮುಚ್ಚಿದರೆ ಬಡ್ಡಿ ಸಿಗುತ್ತಿರಲಿಲ್ಲ, ಕಟ್ಟಿದ್ದರಲ್ಲೂ ಸ್ವಲ್ಪ ಹಿಡಿದುಕೊಳ್ಳುತ್ತಿದ್ದರು. ಇದನ್ನು ನುಂಗಿ "ಯಾವಾಗ ಬೇಕಾದ್ರೂ ತೆಗೀಬಹುದು" ಎಂದಷ್ಟೇ ಹೇಳಿದರೆ ಖಾತೆ ಬೇಗ ಸಿಗುತ್ತಿತ್ತು, ನಿಜ. ಆದರೆ ಹೂ ಮಾರುವ ಅಕ್ಕ ಮಗಳ ಹೆರಿಗೆಗೆಂದು ದುಡ್ಡು ತೆಗೆಯಲು ಹೋಗಿ, ಎಣಿಸಿಕೊಂಡು ಕಣ್ಣೀರು ಹಾಕಿದ ದಿನ ಇಡೀ ಸಾಲಿನ ಹೂವಿನವರು ಕಾರ್ಡು ವಾಪಸ್ ಕೊಟ್ಟರು. ಆ ಖಾತೆ ಮಾಡಿಸಿದ್ದವನು ಬೇರೆ ಸಂಘದವನು. ಕೊಟ್ಟ ಕಾರ್ಡುಗಳಲ್ಲಿ ನಮ್ಮವೂ ಇದ್ದವು.

ಆ ಸಾಲು ಮತ್ತೆ ಒಲಿಯಲು ಬಹಳ ಕಾಲ ಹಿಡಿಯಿತು. ಒತ್ತಾಯದಿಂದ ಆಗುವ ಕೆಲಸ ಅದಲ್ಲ. ಬೇಡ ಎಂದವರಿಗೆ ನಮಸ್ಕಾರ ಹೇಳಿ ಮುಂದಕ್ಕೆ ಹೋಗುವುದು, ಮರುದಿನ ಅದೇ ಹೊತ್ತಿಗೆ ಮತ್ತೆ ಹಾಯುವುದು. ಮಳೆಗಾಲದಲ್ಲಿ ತಪ್ಪಿಸದೆ ಬರುತ್ತಾನೋ, ಪಕ್ಕದ ಬಳೆ ಅಂಗಡಿಯ ಕಾರ್ಡಿನಲ್ಲಿ ಅವರ ಕಣ್ಣೆದುರೇ ತಾರೀಖು, ಮೊತ್ತ ಬರೆದು ಸಹಿ ಹಾಕುತ್ತಾನೋ ಎಂದು ಅವರು ಗಮನಿಸುತ್ತಲೇ ಇದ್ದರು. ಕೊನೆಗೆ ಒಬ್ಬಾಕೆ ಕರೆದು, "ಏನಪ್ಪಾ, ಮುರಿದ್ರೆ ಎಷ್ಟು ಹೋಗುತ್ತೆ? ಸರಿಯಾಗಿ ಹೇಳು" ಅಂದಳು. ನೂರು ರೂಪಾಯಿ ಕಟ್ಟಿದ್ದರೆ ಕೈಗೆಷ್ಟು ಬರುತ್ತದೆಂದು ಬಿಡಿಸಿ ಹೇಳಿದೆ. ಶೇಕಡಾ ಲೆಕ್ಕ ಯಾರಿಗೂ ಬೇಕಿರಲಿಲ್ಲ, ಕೈಗೆ ಬರುವ ಮೊತ್ತ ಬೇಕಿತ್ತು.

ಆಮೇಲೆ ಕಾರ್ಡಿನ ಜಾಗಕ್ಕೆ ಚೀಟಿ ಮುದ್ರಿಸುವ ಕೈಯಂತ್ರ ಬಂತು. ಲೆಕ್ಕ ಚೊಕ್ಕವಾಯಿತು, ತಕರಾರು ಇಳಿಯಿತು. ಕಮಿಷನ್ ಮೇಲೆಯೇ ಬದುಕುತ್ತಿದ್ದ ಬ್ಯಾಂಕ್ ಸಂಗ್ರಾಹಕರೂ ಕಾರ್ಮಿಕರೇ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ನಮ್ಮ ನಡಿಗೆಗೂ ಒಂದು ಮರ್ಯಾದೆ ಸಿಕ್ಕಿತೆನ್ನಿಸಿತು. 2016ರ ನೋಟು ರದ್ದತಿಯ ಬಳಿಕ ಅಂಗಡಿಗಳಲ್ಲಿ ಕ್ಯೂಆರ್ ಹಲಗೆಗಳು ನಿಂತವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

ಆ ಕ್ಯೂಆರ್ ಹಲಗೆಗಳ ಪಕ್ಕ ಇಡಲು, ದುಡ್ಡು ಬಂತೆಂದು ಕೂಗುವ ಡಬ್ಬಿಯನ್ನು ಹಂಚಲು ಹುಡುಗರು ಬೀದಿಗೆ ಬಂದದ್ದನ್ನೂ ಕಂಡಿದ್ದೇನೆ. "ಫ್ರೀ ಅಕ್ಕಾ" ಎಂದು ಇಟ್ಟುಹೋದರು. ತಿಂಗಳು ಕಳೆದಂತೆ ಬಾಡಿಗೆ ಕಡಿತವಾದಾಗ ಕೇಳಲು ಆ ಹುಡುಗರಿಲ್ಲ, ಫೋನಿನಲ್ಲಿ ಒಂದು ನಂಬರು ಮಾತ್ರ. ಇದು ನನಗೆ ಸಿಟ್ಟು ತರಿಸುತ್ತದೆ. ಮಾತು ಕೊಟ್ಟವನು ಮರುದಿನ ಅದೇ ಬೀದಿಯಲ್ಲಿ ನಡೆಯಬೇಕಾಗಿದ್ದರೆ ಬಾಡಿಗೆಯ ವಿಷಯ ಮುಚ್ಚಿಡುತ್ತಿರಲಿಲ್ಲ.

ಸಹಕಾರ ಸಂಘಗಳ ಪಿಗ್ಮಿ ಇನ್ನೂ ನಿಂತಿಲ್ಲ. ಫೋನಿನಲ್ಲೇ ಉಳಿಸಬಹುದಲ್ಲ ಎಂದು ಈಚೆಗೆ ಅದೇ ಸಾಲಿನಲ್ಲಿ ಒಬ್ಬರನ್ನು ಕೇಳಿದೆ. "ಫೋನಲ್ಲಿ ಬಂದದ್ದು ಬಂದ ಹಾಗೇ ಖರ್ಚಾಗುತ್ತೆ ಅಣ್ಣಾ. ಮನುಷ್ಯ ಬಂದು ನಿಂತರೆ ಎತ್ತಿ ಕೊಡ್ತೀನಿ" ಎಂದರು.