ಮಿರಗದ ವಾರ

ಗದಗಿನಿಂದ ಮುಳಗುಂದಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿನ ಕಿಟಕಿಯಾಚೆ ಹರಗಿ ಹಸನು ಮಾಡಿದ ಎರಿ ಹೊಲಗಳು ಕರ್ರಗೆ ಬಿದ್ದಿದ್ದವು. ಹುಡುಕಿದರೂ ಒಂದು ಹಸಿರೆಸಳು ಇರಲಿಲ್ಲ. ಜೂನ್ 8, ಮಿರಗ ಕೂಡುವ ಹೊತ್ತು. ಬಸದಿ ನೋಡಿಕೊಂಡು ಎರಡೇ ದಿನದಲ್ಲಿ ತಿರುಗಿ ಹೊರಡುವ ಲೆಕ್ಕ ನನ್ನದು. ಆದರೆ ಗೆಳೆಯನ ಮನೆಯಲ್ಲಿ ಎಲ್ಲರೂ ಮುಗಿಲು ನೋಡುತ್ತ ಕೂತಿದ್ದರು. ನಾನೂ ಕೂತೆ. ವಾರ ಕಳೆಯಿತು.

ಮೊದಲ ಮೂರು ದಿನ ಬರೇ ಗಾಳಿ. ಬಾಯಿ ತೆರೆದರೆ ಹಲ್ಲಿಗೆ ಮಣ್ಣು. ದಾವಲಮಲಿಕ ದರ್ಗಾದ ಗುಡ್ಡ ಹತ್ತಿ ನಿಂತರೆ ಪಡುವಣದಿಂದ ಮೋಡಗಳು ಹಿಂಡುಹಿಂಡಾಗಿ ಬರುತ್ತವೆ, ತಲೆಯ ಮೇಲೆ ಹಾಯ್ದು ಕಪ್ಪತಗುಡ್ಡದ ಕಡೆ ಹೋಗಿಬಿಡುತ್ತವೆ. ಸಹ್ಯಾದ್ರಿಯಲ್ಲಿ ಸುರಿದು ಹಗುರಾದ ಮೋಡಗಳು ಅವು. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಕೊಡುವ ಮುಂಗಾರು, ಗದಗ ಸೀಮೆಗೆ ಬರುವಷ್ಟರಲ್ಲಿ ಕೈ ಬಿಗಿ ಹಿಡಿಯುತ್ತದೆ. ಇಲ್ಲಿ ವರ್ಷವಿಡೀ ಬೀಳುವುದು ಆರುನೂರು ಮಿಲಿಮೀಟರಿನ ಹಿಂದೆಮುಂದೆ.

ಮೂರನೆಯ ದಿನ ಸಂಜೆ ನೀಲಗುಂದದ ದಿಕ್ಕಿನಲ್ಲಿ ಮಳೆ ಬೂದಿಬಣ್ಣದ ಪರದೆಯಂತೆ ಇಳಿಯುವುದು ಕಾಣಿಸಿತು. ನಮಗೆ ಬಂದದ್ದು ವಾಸನೆ ಮಾತ್ರ. "ಅಲ್ಲಿ ಆತು, ಇಲ್ಲಿ ಇಲ್ಲ. ಮಿರಗದ ಹಣೇಬಾರನ ಇಷ್ಟು," ಅಂದರು ಗೆಳೆಯನ ಕಾಕಾ. ಗೆಳೆಯ ಫೋನು ತೆಗೆದು, ನಾಳೆ ಚದುರಿದಂತೆ ಅಲ್ಪ ಪ್ರಮಾಣದ ಮಳೆ, ಮೂರು ಮಿಲಿಮೀಟರ್ ಎಂದು ಓದಿದ. ಕಾಕಾ ನನ್ನ ಕಡೆ ತಿರುಗಿದರು. "ಮೂರು ಮಿಲಿ ಅಂದ್ರ ಎಷ್ಟು ಬಟ್ಟು ಆಕ್ಕೈತ್ರೀ ಸರ?"

ನನಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಬಸದಿಗೆ ಹೋದೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಶಕ 824ರಲ್ಲಿ, ಚಿಕಾರ್ಯನೆಂಬ ವರ್ತಕ ಈ ಊರಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಮಲ್ಲಿಷೇಣ ತನ್ನ ಸಂಸ್ಕೃತ ಮಹಾಪುರಾಣವನ್ನು ಮುಗಿಸಿದ್ದು ಇದೇ ಊರಲ್ಲಿ, ಶಕ 969ರ ಜ್ಯೇಷ್ಠ ಶುದ್ಧ ಪಂಚಮಿಯಂದು. ಅಂದರೆ ರೋಹಿಣಿ-ಮಿರಗದ ಆಸುಪಾಸು. ಆತ ಕಡೆಯ ಶ್ಲೋಕ ಬರೆಯುತ್ತಿದ್ದಾಗ ಹೊರಗೆ ಯಾರೋ ಮುಗಿಲು ನೋಡುತ್ತ ನಿಂತಿದ್ದಿರಬೇಕು. 1112ರಲ್ಲಿ ಧರ್ಮಾಮೃತ ಬರೆದ ನಯಸೇನನೂ ಮುಳಗುಂದದವನೇ. ಕನ್ನಡದೊಳಗೆ ಸಂಸ್ಕೃತ ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಎಂದು ಜರೆದವನು. 'ಅಲ್ಪ ಪ್ರಮಾಣದ ಮಳೆ' ಎಂಬ ಮಾತು ಅವನ ಕಿವಿಗೆ ಬಿದ್ದಿದ್ದರೆ ಏನನ್ನುತ್ತಿದ್ದನೋ! ಅವನ ಊರಿನವರ ಬಾಯಲ್ಲಿ ಅದು 'ಹನಿ ಉದುರಿಸಿ ಹೋತು'.

ಐದನೆಯ ರಾತ್ರಿ ಮಳೆ ಬಂತು. ಮೊದಲು ಗಾಳಿ ನಿಂತಿತು, ಆಮೇಲೆ ಕರೆಂಟು ಹೋಯಿತು. ಮನೆಯ ಹಳೆಯ ಭಾಗ ಮಣ್ಣಿನ ಮಾಳಿಗೆಯದು. ಬೇಸಿಗೆಯಲ್ಲೇ ಮೇಲೆ ಸವಳು ಮಣ್ಣು ಹಾಕಿಸಿದ್ದರು. ಆದರೂ ಗೆಳೆಯನ ಅವ್ವ ಕತ್ತಲಲ್ಲೇ, "ಬೆಳಕಿಂಡಿ ಮುಚ್ಚಿರೇನ್ರೋ!" ಎಂದು ಕೂಗಿದರು. ಯಾರೂ ಮುಚ್ಚಿರಲಿಲ್ಲ. ನಾನು ಹಾಸಿಕೊಂಡು ಮಲಗಿದ್ದ ಕಂಬಳಿಯ ನಡುವಿಗೇ ಧಾರೆ ಇಳಿಯಿತು. ಒಂದು ತಾಸು ಜೋರಾಗಿ ಹೊಡೆದು, ಆಮೇಲೆ ಜಿಟಿಜಿಟಿಗೆ ಇಳಿದು, ಕೋಳಿ ಕೂಗುವ ಹೊತ್ತಿಗೆ ನಿಂತುಬಿಟ್ಟಿತು.

ಬೆಳಿಗ್ಗೆ ಹೊಲಕ್ಕೆ ಹೋದೆವು. ನಾಲ್ಕು ಹೆಜ್ಜೆಗೆ ಚಪ್ಪಲಿಗೆ ಎರಿ ಅಂಟಿ ಒಂದೊಂದು ಕಾಲು ಎರಡೆರಡು ಸೇರು ಭಾರವಾಯಿತು. ಕಳಚಿ ಕೈಯಲ್ಲಿ ಹಿಡಿದೆ. ಮಳೆ ಅಳೆಯುವ ಇಲಾಖೆಯವರ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಕಾಕಾ ಅಷ್ಟು ಹೊತ್ತು ಕಾಯಲಿಲ್ಲ. ಕೂತು ಕುರ್ಪಿಯಿಂದ ಮಣ್ಣು ಕೆದರಿದರು. ಮೇಲೆ ಮಿದುವಾದ ಕರಿ ಮಣ್ಣು. ಬೆರಳುಗಳನ್ನು ಅಡ್ಡ ಇಟ್ಟು ಎಣಿಸಿದರು: ಒಂದು, ಎರಡು, ಮೂರು. ಮೂರನೆಯ ಬಟ್ಟಿನ ಕೆಳಗೆ ಒಣಮಣ್ಣು ಬೆಳ್ಳಗೆ ಉದುರಿತು.

"ಮ್ಯಾಲಿನ ಹಸಿ ಕೆಳಗಿನ ಹಸಿ ಕೂಡಬೇಕ್ರಿ. ಈಗ ಹೆಸರು ಬಿತ್ತಿದ್ರ ಮೊಳಕಿ ಒಡೀತೈತಿ, ಆಮ್ಯಾಲ ಬೇರಿಗೆ ನೀರು ಸಿಗಂಗಿಲ್ಲ."

ನಾನು ನನ್ನ ಲೆಕ್ಕ ತೆಗೆದೆ. ಒಂದು ಮಿಲಿಮೀಟರ್ ಅಂದರೆ ಎಕರೆಗೆ ನಾಲ್ಕು ಸಾವಿರ ಲೀಟರ್ ನೀರು ಎಂದೆ.

"ಹೌದ್ರ್ಯಾ? ಅಷ್ಟೆಲ್ಲಾ ಎಲ್ಲಿ ಹೋತು ಮತ್ತ?"

ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕೊಂದನ್ನು ಅವರೇ ಕಾಲ್ಬೆರಳಿಂದ ತೋರಿಸಿದರು. ಎರಿ ಮೊದಲು ತನ್ನ ಬಿರುಕಿಗೆ ಕುಡಿದುಕೊಳ್ಳುತ್ತದೆ, ಆಮೇಲೆ ಬೀಜಕ್ಕೆ ಬಿಡುತ್ತದೆ. ಹಾಗಂತ ಕಾಯುತ್ತ ಕೂಡುವುದಕ್ಕೂ ಮಿತಿಯಿದೆ. ಹೆಸರು ಎರಡು-ಎರಡೂವರೆ ತಿಂಗಳ ಪೀಕು. ತಡವಾಗಿ ಬಿತ್ತಿದರೆ ಅದೇ ಹೊಲಕ್ಕೆ ಬರಬೇಕಾದ ಹಿಂಗಾರಿ ಕಡಲೆ, ಜೋಳ ಹಿಂದೆ ಬೀಳುತ್ತವೆ. ಪಕ್ಕದ ಹೊಲದವರು ಆಗಲೇ ಬೀಜದ ಚೀಲ ಇಳಿಸುತ್ತಿದ್ದರು. ಕಾಕಾ ಅತ್ತ ಒಮ್ಮೆ ನೋಡಿದರು, ಏನೂ ಅನ್ನಲಿಲ್ಲ.

ಏಳನೆಯ ದಿನ ಬಿಸಿಲು ಚುರುಕಾಗಿತ್ತು. ಚಪ್ಪಲಿಯ ಎರಿ ಒಣಗಿ ಕಲ್ಲಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಡ್ಡಿಯಿಂದ ಕೆದರುತ್ತ ಕೂತೆ.

ಊರು ಸೇರಿದ ನಾಲ್ಕನೆಯ ದಿನಕ್ಕೆ ಕಾಕಾನ ಫೋನು ಬಂತು. ಮಳೆ ಹೇಗಾಯಿತು ಅಂದೆ.

"ಗೇಣು," ಅಂದವರೇ ಫೋನ್ ಇಟ್ಟರು. ಕೂರಿಗಿ ಹೂಡಿ ನಿಂತಿದ್ದರಂತೆ.